ಬೆಲ್ಟಿನ ಮೇಲೆ ನಿಂತ ವಿಮಾನ

ನಮ್ಮ ಪಕ್ಕದ ಮನೆಯಲ್ಲಿ ಕೈ ಎತ್ತದೆ ಉತ್ತರ ಹೇಳುವ ಹಾಗಿರಲಿಲ್ಲ. ಗ್ಯಾಸು ತರುವವನಿರಲಿ, ಗಣಹೋಮಕ್ಕೆ ಬಂದ ಭಟ್ಟರಿರಲಿ, ಆ ಮನೆಯ ಟೀಚರ್ ಏನಾದರೂ ಕೇಳಿದರೆ ಮೊದಲು ಕೈ ಮೇಲೆ ಹೋಗಬೇಕು, ಆಮೇಲೆ ಬಾಯಿ ತೆರೆಯಬೇಕು. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಅಭ್ಯಾಸ. ನಿವೃತ್ತಿಯ ದಿನ ಹಾಕಿದ ಹಾರ ತೆಗೆದಿಟ್ಟ ಹಾಗೆ ಅದನ್ನು ತೆಗೆದಿಡಲು ಅವರಿಗೆ ಆಗಲಿಲ್ಲ. ಇನ್ನೊಂದು ವಿಚಿತ್ರವೆಂದರೆ, ಎತ್ತಿದ ಕೈಯನ್ನು ಇಳಿಸಿ ಎಂದು ಅವರು ಯಾರಿಗೂ ಹೇಳುತ್ತಿರಲಿಲ್ಲ. ತೋಳು ಸೋತು ನಾವೇ ಇಳಿಸಿಕೊಳ್ಳಬೇಕು. ಅದಕ್ಕೆ ಕಾರಣ ಇತ್ತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಟೀಚರ್ ಹೋಗಿ ಮೊನ್ನೆಗೆ ಒಂದು ತಿಂಗಳಾಯಿತು. ಉತ್ತರಕ್ರಿಯೆಯ ದಿನ ಊಟ ಮುಗಿಸಿ ಕೈ ತೊಳೆಯುತ್ತ ಎಲ್ಲರೂ ‘ಒಳ್ಳೆಯ ಟೀಚರ್’ ಎಂದರು. ಒಳ್ಳೆಯವರೇ. ಆದರೆ ಅಷ್ಟಕ್ಕೇ ಬಿಟ್ಟರೆ ಅದು ಅವರಾಗುವುದಿಲ್ಲ. ಉತ್ತರ ಮಾತ್ರ ಬರೆದರೆ ಸಾಲದು, ದಾರಿಯೂ ಕಾಣಬೇಕು ಎಂದು ಅವರೇ ಹೇಳುತ್ತಿದ್ದರು. ಅದಕ್ಕೆ ನನಗೆ ತಿಳಿದಷ್ಟು ದಾರಿ ಬರೆಯುತ್ತಿದ್ದೇನೆ.

ಹನ್ನೆರಡು ವರ್ಷದ ಹಿಂದೆ ನಾವು ಪುತ್ತೂರಿನ ಈ ಏರುದಾರಿಯ ಚಡಾವಿನ ಮೇಲೆ ಮನೆ ಕಟ್ಟಿ ಬಂದೆವು. ಮನೆ ಒಕ್ಕಲಿನ ಮರುದಿನ ಪಂಚಕಜ್ಜಾಯ ಹಿಡಿದುಕೊಂಡು ಪಕ್ಕದ ಮನೆಗೆ ಹೋದೆ. ತೆಳ್ಳಗೆ, ಉದ್ದಕ್ಕೆ ಇದ್ದ ಹೆಂಗಸು ಬಾಗಿಲು ತೆರೆದರು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದರು, ಈಗಷ್ಟೇ ಬೋರ್ಡು ಒರೆಸಿ ಬಂದವರ ಹಾಗೆ. ಕೂರಿಸಿದರು. ಬೆಲ್ಲ, ನೀರು ಕೊಟ್ಟರು. ನಾನು ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡ ಕೂಡಲೇ ಕೇಳಿದರು:

“ನಿಮಗೊಂದು ಪ್ರಶ್ನೆ. ಹಿಟ್ಟಿನ ಮಿಲ್ಲಿನ ಬೆಲ್ಟು ನೋಡಿದ್ದೀರಲ್ಲ? ಹಾಗೆಯೇ ಒಂದು ದೊಡ್ಡ ಬೆಲ್ಟು, ರನ್‌ವೇಯಷ್ಟು ಉದ್ದ. ಅದರ ಮೇಲೆ ಒಂದು ವಿಮಾನ. ವಿಮಾನ ಎಷ್ಟು ವೇಗದಲ್ಲಿ ಮುಂದೆ ಹೋಗ್ಲಿಕ್ಕೆ ನೋಡ್ತದೋ, ಬೆಲ್ಟು ಅಷ್ಟೇ ವೇಗದಲ್ಲಿ ಅಡಿಯಿಂದ ಹಿಂದೆ ಓಡ್ತದೆ. ಈಗ ಹೇಳಿ. ವಿಮಾನ ಏಳ್ತದಾ, ಇಲ್ವಾ?”

ನಾನು ಬಾಯಿ ತೆರೆದೆ.

“ಕೈ,” ಎಂದರು.

ಬೆಲ್ಲ ಅಂಟಿದ ಕೈ ಎತ್ತಿದೆ. “ಏಳುದಿಲ್ಲ ಟೀಚರ್. ಅದು ಓಡಿದಷ್ಟೂ ಇದ್ದಲ್ಲೇ ಇರ್ತದೆ. ನನ್ನ ಹಾಗೆ.”

“ನಿಮ್ಮ ಹಾಗೆ ಅಂದ್ರೆ?”

“ಬೆಳಿಗ್ಗೆ ಐದಕ್ಕೆ ಎದ್ದು ಓಡ್ಲಿಕ್ಕೆ ಶುರು ಮಾಡುದು. ಸಂಜೆ ನೋಡಿದ್ರೆ ಅದೇ ಅಡಿಗೆಮನೆ, ಅದೇ ಪಾತ್ರೆ.”

ಅವರು ಜೋರಾಗಿ ನಕ್ಕರು. ಮುಂದಿನ ಒಂದು ಹಲ್ಲು ಸ್ವಲ್ಪ ಓರೆ ಇತ್ತು, ನಕ್ಕರೆ ಚೆಂದ ಕಾಣುತ್ತಿತ್ತು. “ಉತ್ತರಕ್ಕೆ ಸೊನ್ನೆ. ಉದಾಹರಣೆಗೆ ಅರ್ಧ ಮಾರ್ಕು,” ಎಂದರು. ಸರಿ ಉತ್ತರ ಯಾವುದು ಎಂದು ಕೇಳಿದರೆ ಹೇಳಲಿಲ್ಲ. “ಹೇಳಿದ್ರೆ ನಿಮಗೆ ನಾಳೆಗೇ ಮರ್ತು ಹೋಗ್ತದೆ. ನೀವೇ ಕಂಡುಕೊಳ್ಳಿ. ಅವಸರ ಇಲ್ಲ.”

ಟೀಚರೂ ವಿಮಾನ ಹತ್ತಿದವರಲ್ಲ, ನಾನೂ ಅಲ್ಲ. ನಮ್ಮ ಬಟ್ಟೆ ಒಣಗಿಸುವ ಹಗ್ಗದ ಮೇಲಿನಿಂದ ಮಂಗಳೂರು ಕಡೆಗೆ ದಿನಕ್ಕೊಂದೆರಡು ಹೋಗುತ್ತವೆ, ಅಷ್ಟೇ ನಮಗಿದ್ದ ಸಂಬಂಧ. ಆದರೂ ಆ ಮನೆಗೆ ಹೋದವರೆಲ್ಲ ಆ ಬೆಲ್ಟಿನ ಮೇಲಿನ ವಿಮಾನವನ್ನು ಏಳಿಸಬೇಕು ಅಥವಾ ಕೂರಿಸಬೇಕು. ಟೀಚರ ತಂಗಿ, ಅವರೊಡನೆ ಇದ್ದವಳು, ಒಂದು ಆಫೀಸಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಅವಳು ಮಾಡಿಸಿದ ಗಣಹೋಮದ ದಿನ ಭಟ್ಟರು ದರ್ಭೆ ಹಿಡಿದ ಕೈಯನ್ನೇ ಎತ್ತಿ, “ಪೈಲಟು ಪುಣ್ಯವಂತನಾದ್ರೆ ಏಳ್ತದೆ,” ಎಂದರು. ಗ್ಯಾಸಿನವನು ಸಿಲಿಂಡರ್ ಹೆಗಲ ಮೇಲಿಟ್ಟುಕೊಂಡೇ ಇನ್ನೊಂದು ಕೈ ಎತ್ತಿದ. “ಎಂತ ಟೀಚರೇ, ವಿಮಾನದ ಕತೆ ಆಮೇಲೆ. ನಿಮ್ಮ ಈ ಚಡಾವಿಗೆ ನನ್ನ ಟೆಂಪೋ ಏಳುದಿಲ್ಲ, ಅದಕ್ಕೆಂತ ಮಾಡುದು ಹೇಳಿ.” ಇಬ್ಬರಿಗೂ ಬೆಲ್ಲ ನೀರು ಸಿಕ್ಕಿತು, ಮಾರ್ಕು ಸಿಗಲಿಲ್ಲ.

ನನಗೊಂದು ಅಭ್ಯಾಸ ಉಂಟು. ಸಂಜೆ ದೀಪ ಹಚ್ಚಿ ಕೈ ಮುಗಿಯುವಾಗ ಬೇಡುವುದಿಲ್ಲ. ಆ ದಿನ ಆದ ಒಳ್ಳೆಯದನ್ನು ದೇವರಿಗೆ ಹೇಳುತ್ತೇನೆ. ಹಾಲು ಒಡೆಯಲಿಲ್ಲ, ಅತ್ತೆಯ ಕೆಮ್ಮು ಕಡಿಮೆಯಾಯಿತು, ಒಗೆದ ಬಟ್ಟೆ ತೆಗೆದ ಮೇಲೆಯೇ ಮಳೆ ಬಂತು. ಟೀಚರಿಗೆ ಇದು ತಮಾಷೆ. ಬೇಲಿಯ ಆಚೆಯಿಂದ ಕೇಳುವರು:

“ಹಾಜರಿ ಆಯ್ತಾ ಮಾರಾಯ್ತಿ? ಇವತ್ತು ಎಷ್ಟು?”

“ನಾಲ್ಕು ಟೀಚರ್.”

“ಗೈರುಹಾಜರಿ ಬರ್ಕೊಳ್ಳುದಿಲ್ವಾ?”

“ಅದು ದೇವರಿಗೆ ಗೊತ್ತುಂಟು, ನಾನು ಯಾಕೆ ಹೇಳುದು?”

ದೇವರು ಇದ್ದಾನೋ ಇಲ್ಲವೋ ಅವರಿಗೆ ಖಚಿತ ಇರಲಿಲ್ಲ. ನನ್ನ ಪಂಚಕಜ್ಜಾಯ ಇದೆ ಎಂಬುದು ಖಚಿತ ಇತ್ತು. ಹಾಗೆ ನಮ್ಮಿಬ್ಬರಲ್ಲಿ ಜಗಳಕ್ಕೆ ಜಾಗ ಇರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಅವರ ಜಗಲಿಯಲ್ಲಿ ಕೂತು ಇಬ್ಬರೂ ಹಲಸಿನ ಬೀಜ ಸುಲಿಯುತ್ತಿದ್ದೆವು. ನಾನು ಸುಮ್ಮನಿರದೆ, “ಟೀಚರ್, ಆ ಪ್ರಶ್ನೆಯನ್ನು ಯಾಕೆ ಇಷ್ಟು ಜನರಿಗೆ ಕೇಳುದು? ಯಾರಾದ್ರೂ ಸರಿ ಹೇಳಿದ್ದು ಉಂಟಾ?” ಎಂದೆ.

ಅವರ ಕೈಯ ಚಾಕು ನಿಂತಿತು. “ಒಬ್ಬಳು ಹೇಳಿದ್ದಾಳೆ,” ಎಂದರು. ಸುಲಿದ ಬೀಜವನ್ನು ಪಾತ್ರೆಗೆ ಹಾಕಿ ಹೇಳತೊಡಗಿದರು.

ಇಪ್ಪತ್ತೈದು ವರ್ಷಕ್ಕೂ ಹಿಂದಿನ ಮಾತಂತೆ. ಆಸುಪಾಸಿನ ಶಾಲೆಗಳ ಮಕ್ಕಳಿಗೆ ವಿಜ್ಞಾನದ ರಸಪ್ರಶ್ನೆ. ಪ್ರಶ್ನೆ ಕೇಳುವವರು ನಮ್ಮ ಟೀಚರ್. ಕೊನೆಗೆ ಎರಡು ಶಾಲೆಗಳು ಸಮ ಬಂದವು. ಗೆದ್ದವರು ಯಾರು ಎಂದು ತೀರ್ಮಾನಿಸಲು ಈ ವಿಮಾನದ ಪ್ರಶ್ನೆ ತೆಗೆದರು. ಆಗ ಅವರ ಕಾಗದದಲ್ಲಿದ್ದ ಉತ್ತರ ‘ಏಳುವುದಿಲ್ಲ’. ವಿಮಾನ ಇದ್ದಲ್ಲೇ ಇದ್ದರೆ ರೆಕ್ಕೆಗೆ ಗಾಳಿ ಎಲ್ಲಿಂದ ಎಂದು ಅವರ ತರ್ಕ. ಪುತ್ತೂರಿನ ಮಕ್ಕಳು ಹಾಗೆಯೇ ಹೇಳಿದರು. ಆಲೆಟ್ಟಿ ಕಡೆಯ ಶಾಲೆಯ ಒಂದು ಹುಡುಗಿ ಮಾತ್ರ ಕೈ ಎತ್ತಿ, “ಏಳ್ತದೆ ಟೀಚರ್,” ಎಂದಳು. ಒಂಬತ್ತನೆಯ ತರಗತಿ. ಹೆಸರು ದಮಯಂತಿ.

“ಹೇಗೆ?” ಎಂದು ಟೀಚರ್ ಕೇಳಿದ್ದಕ್ಕೆ ಅವಳು ಹೇಳಿದಳಂತೆ: “ನಮ್ಮ ಹೊಳೇಲಿ ಹಗ್ಗ ಹಿಡಿದು ದೋಣಿ ಎಳೀತಾರೆ ಟೀಚರ್. ಅಡಿಯಿಂದ ನೀರು ಎಷ್ಟು ಓಡಿದ್ರೂ ದೋಣಿ ದಡಕ್ಕೆ ಬರ್ತದೆ. ಹಗ್ಗ ಕಟ್ಟಿದ್ದು ನೀರಿಗೆ ಅಲ್ಲ, ಮರಕ್ಕೆ. ವಿಮಾನವನ್ನು ಮುಂದೆ ತರುದು ಚಕ್ರ ಅಲ್ಲ. ಅದಕ್ಕೆ ಗಾಳಿಯೇ ಹಗ್ಗ.”

“ನಾನು ಎಂತ ಹೇಳಿದೆ ಗೊತ್ತುಂಟಾ?” ಟೀಚರ್ ನನ್ನ ಮುಖ ನೋಡಲಿಲ್ಲ. “‘ನೀನು ವಿಮಾನ ನೋಡಿದ್ದೀಯಾ?’ ಅಂತ ಕೇಳಿದೆ. ಇಲ್ಲ ಅಂದಳು. ‘ದೋಣಿಯಲ್ಲಿ ಶಾಲೆಗೆ ಬರುವವರಿಗೆ ವಿಮಾನವೂ ದೋಣಿಯೇ’ ಅಂದೆ. ಸಭೆ ಇಡೀ ನಕ್ಕಿತು. ಅವಳ ಕೈ ಇನ್ನೂ ಮೇಲೆಯೇ ಇತ್ತು. ‘ಕೈ ಇಳಿಸು, ಕೂತ್ಕೋ’ ಅಂದೆ.”

ಆಮೇಲೆ ಏಳೆಂಟು ವರ್ಷ ಮಕ್ಕಳಿಗೆ ಅದೇ ತಪ್ಪು ಉತ್ತರ ಕಲಿಸಿದರು. ಒಂದು ದಿನ ಬಸ್ಸಿನಲ್ಲಿ ಕಡಬದ ಕಡೆಗೆ ಹೋಗುವಾಗ, ಸೇತುವೆಯ ಮೇಲಿಂದ ನೋಡಿದರೆ ಕೆಳಗೆ ಒಬ್ಬ ಹಗ್ಗ ಹಿಡಿದು ದೋಣಿ ಎಳೆಯುತ್ತಿದ್ದ. ಮಳೆ ಕಳೆದ ಹೊಸತು, ಕೆಂಪು ನೀರು, ಸೆಳೆತ ಇತ್ತು. ಟೀಚರ್ ಮುಂದಿನ ಸ್ಟಾಪಿನಲ್ಲಿ ಇಳಿದು, ನಡೆದುಕೊಂಡು ಹಿಂದೆ ಬಂದು, ಬಿಸಿಲಿಗೆ ಸೇತುವೆಯ ಮೇಲೆ ನಿಂತರಂತೆ. “ನೀರು ಕೆಳಗೆ, ದೋಣಿ ಅಡ್ಡಕ್ಕೆ. ಅವನು ಆಚೆ ದಡ ಮುಟ್ಟುವಷ್ಟರಲ್ಲಿ ನಾನು ಸೋತಿದ್ದೆ ಮಾರಾಯ್ತಿ.”

“ಆ ಹುಡುಗಿಗೆ ಹೇಳಿದ್ರಾ?”

“ಇಲ್ಲ.”

“ಊರು ಗೊತ್ತುಂಟಲ್ಲ?”

“ಊರು ಗೊತ್ತುಂಟು, ಹೆಸರು ಗೊತ್ತುಂಟು. ಮೋರೆ ಇಲ್ಲ ನನಗೆ.” ಚಾಕು ಮತ್ತೆ ಓಡಲು ತೊಡಗಿತು. “ಹೋಗ್ಬೇಕು. ಈ ಮಳೆ ಒಮ್ಮೆ ಬಿಡ್ಲಿ.”

ಮಳೆ ಬಿಟ್ಟಿತು. ಆಮೇಲೆ ಮೊಣಕಾಲು ನೋವು, ಆಮೇಲೆ ಸೆಕೆ, ಆಮೇಲೆ ತಂಗಿಯ ಆಫೀಸಿನ ಗಡಿಬಿಡಿ. ‘ನಾಳೆಯೇ ಹೋಗುವ ಟೀಚರ್, ನಾನು ಬರ್ತೇನೆ’ ಎಂದು ನಾನೂ ಹೇಳಲಿಲ್ಲ. ಆ ಪಾಲು ನನ್ನದು. ಅದನ್ನು ಇಲ್ಲಿ ಬರೆದೇ ಮುಂದೆ ಹೋಗಬೇಕು.

ಕಳೆದ ವರ್ಷ ಒಂದು ಬೆಳಿಗ್ಗೆ ಟೀಚರ್ ಬಚ್ಚಲಲ್ಲಿ ಬಿದ್ದರು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಮನೆಗೆ ಬಂದರು. ಹೇಳಿದ್ದೆಲ್ಲ ಅರ್ಥ ಆಗುತ್ತದೆ, ಹೇಳಲು ಮಾತ್ರ ಆಗುವುದಿಲ್ಲ ಎಂದರು ಡಾಕ್ಟರು. ಎಡಗೈಗೆ ಸ್ವಲ್ಪ ಬಲ ಉಳಿದಿತ್ತು. ಅದನ್ನು ದಿನಕ್ಕೆ ಹತ್ತು ಸಲ ಎತ್ತಿಸಿ ಇಳಿಸಿ ಎಂದು ವ್ಯಾಯಾಮ ಕಲಿಸಲು ಬಂದವಳು ಹೇಳಿ ಹೋದಳು. ಎಡಗೈಯಲ್ಲಿ ಬರೆಸಲು ನೋಡಿದೆವು. ಪೆನ್ಸಿಲು ಕಾಗದದ ಮೇಲೆ ಒಂದು ಗೆರೆ ಎಳೆದು ಜಾರಿತು. ಮೂರು ದಿನ ನೋಡಿ, ಆ ಗೆರೆಗಳನ್ನು ಅವರೇ ನೋಡುವ ರೀತಿ ಕಂಡು, ತಂಗಿ ಪೆನ್ಸಿಲನ್ನು ಒಳಗಿಟ್ಟಳು.

ತಂಗಿ ಕೆಲಸಕ್ಕೆ ಹೋದ ಹೊತ್ತು ನಾನು ಹೋಗಿ ಕೂರುತ್ತಿದ್ದೆ. ಗಂಜಿ ಕುಡಿಸುವುದು, ಒರೆಸುವುದು, ತಲೆ ಬಾಚುವುದು. ದೀಪದ ಮುಂದೆ ನನ್ನ ಹಾಜರಿ ನಿಲ್ಲಲಿಲ್ಲ, ಆದರೆ ಸಣ್ಣದಾಯಿತು. ಇವತ್ತು ಗಂಜಿ ನೆತ್ತಿಗೆ ಹತ್ತಲಿಲ್ಲ. ಇವತ್ತು ನನ್ನ ಗುರುತು ಸಿಕ್ಕಿತು. ಕೆಲವು ದಿನ ಎಷ್ಟು ಹುಡುಕಿದರೂ ಒಂದೇ ಸಿಗುತ್ತಿತ್ತು. ಒಂದನ್ನೇ ಹೇಳಿದೆ.

ಒಂದು ಭಾನುವಾರ ನೋಡಲು ಬಂದವರಿಗೆಂದು ತಂಗಿ ಜಗಲಿಯ ಉದ್ದಕ್ಕೂ ಚಾಪೆ ಹಾಸಿದ್ದಳು. ಅವರು ಹೋದ ಮೇಲೆ ಟೀಚರನ್ನು ಬಿಸಿಲಿಗೆ ಕೂರಿಸೋಣ ಎಂದು ಹೊರಟೆವು. ಕುರ್ಚಿ ಚಾಪೆಯ ಮೇಲೆ ಬಂದು, ಮುಂದಿನ ಸಣ್ಣ ಚಕ್ರ ಮಡಿಕೆಗೆ ಸಿಕ್ಕಿ ನಿಂತಿತು. ಟೀಚರ್ ಆಗ ಒಣಗಿದ ಅಡಿಕೆ ಹಾಳೆಯ ಹಾಗೆ ಹಗುರ ಆಗಿದ್ದರು.

“ಅಕ್ಕ, ನೀವು ಎದುರಿಂದ ಕುರ್ಚಿ ಎಳೀರಿ. ನಾನು ಹಿಂದಿನಿಂದ ಚಾಪೆ ಎಳೀತೇನೆ,” ಎಂದಳು ತಂಗಿ ನನ್ನ ಕಡೆ ತಿರುಗಿ.

ನಾನು ಬಾಗಿಲ ಹತ್ತಿರ, ಚಾಪೆಯಿಂದ ಹೊರಗೆ, ಕಾವಿ ನೆಲದ ಮೇಲೆ ನಿಂತು ಕುರ್ಚಿಯ ಎರಡು ಕೈ ಹಿಡಿದು ಎಳೆದೆ. ಅವಳು ಆಚೆಯಿಂದ ಚಾಪೆಯನ್ನು ತನ್ನ ಕಡೆಗೆ ಎಳೆದಳು. ಚಾಪೆ ಹಿಂದೆ ಹೋಯಿತು. ಕುರ್ಚಿ ಮುಂದೆ ಬಂತು. ಚಕ್ರಗಳು ಮಾತ್ರ ಗಿರಗಿರನೆ ಎಂದಿಗಿಂತ ಜೋರಾಗಿ ತಿರುಗಿದವು.

ಟೀಚರ್ ಎಡಗೈಯಿಂದ ಕುರ್ಚಿಗೆ ದಬದಬ ಬಡಿದರು. ಗಂಟಲಿನಿಂದ ಏನೋ ಸ್ವರ. ತಂಗಿ ಹೆದರಿ ಓಡಿ ಬಂದಳು. “ಎಂತಾಯ್ತು ಅಕ್ಕ? ನೋವಾ?” ನೋವಲ್ಲ. ಅವರು ಚಾಪೆಯನ್ನು ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ಮತ್ತೆ ಚಾಪೆ.

“ಇನ್ನೊಮ್ಮೆ ಮಾಡುದಾ ಟೀಚರ್?” ಎಂದೆ. ಕಣ್ಣು ಮುಚ್ಚಿ ತೆರೆದರು. ಹೌದು ಎಂದಾದರೆ ಅವರು ಹಾಗೆ.

ನಾಲ್ಕು ಸಲ ಮಾಡಿದೆವು. ತಂಗಿ ಬೆವರಿ, “ನಿಮಗಿಬ್ಬರಿಗೂ ಹುಚ್ಚು,” ಎಂದಳು. ನಾಲ್ಕನೆಯ ಸಲ ನಾನು ಕೆಳಗೆ ನೋಡಿದೆ. ನನ್ನ ಕಾಲು ಚಾಪೆಯ ಮೇಲೆ ಇರಲಿಲ್ಲ. ಚಾಪೆ ಎಲ್ಲಿಗೆ ಬೇಕಾದರೂ ಹೋಗಲಿ, ಎಳೆಯುವ ನಾನು ಗಟ್ಟಿ ನೆಲದ ಮೇಲೆ ಇದ್ದೆ. ವಿಮಾನವನ್ನು ಮುಂದೆ ತರುವುದೂ ಬೆಲ್ಟಿನ ಮೇಲೆ ಕಾಲಿಟ್ಟು ನಿಂತದ್ದಲ್ಲ. ಅದರ ಇಂಜಿನು ಹಿಡಿದದ್ದು ಗಾಳಿಯನ್ನು. ಬೆಲ್ಟು ಚಕ್ರವನ್ನು ಸುಮ್ಮನೆ ತಿರುಗಿಸೀತು, ಅಷ್ಟೇ.

“ಏಳ್ತದೆ ಟೀಚರ್!” ಎಂದೆ.

ಅವರು ಒಪ್ಪಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು. ಅಷ್ಟು ಆದರೂ ಬಿಡಲಿಲ್ಲ! ನಾನು ನಗುತ್ತ, ಕಣ್ಣೀರು ಸುರಿಸುತ್ತ ಕೈ ಎತ್ತಿ ಹೇಳಿದೆ, “ಏಳ್ತದೆ ಟೀಚರ್.” ಕಣ್ಣು ಮುಚ್ಚಿ ತೆರೆದರು. ಓರೆ ಹಲ್ಲು ಅರ್ಧ ಕಂಡಿತು.

ಆಗಲೇ ಕೇಳಿದೆ, “ದಮಯಂತಿಗೆ ಹೇಳಿ ಬರುದಾ?”

ಅವರು ಕಣ್ಣು ಮುಚ್ಚಿದರು. ತೆರೆಯಲಿಲ್ಲ. ಮುಚ್ಚಿದ ರೆಪ್ಪೆಯ ಅಡಿಯಿಂದ ನೀರು ಬಂತು. ನಾನು ಅದನ್ನು ಹೌದು ಎಂದೇ ತಿಳಿದುಕೊಂಡೆ.

ಆಲೆಟ್ಟಿಯಲ್ಲಿ ನನ್ನ ಚಿಕ್ಕಮ್ಮನ ಮಗಳ ಮನೆ ಉಂಟು. ಅಲ್ಲಿಗೆ ಸೀಮಂತಕ್ಕೆ ಹೋದಾಗ ಊಟದ ಪಂಕ್ತಿಯಲ್ಲಿ ಕೇಳಿದೆ. ಪಕ್ಕದಲ್ಲಿ ಕೂತಿದ್ದ ಗೌಡರ ಮನೆಯ ಅಜ್ಜಿಯೊಬ್ಬರು ಅರೆಭಾಷೆಯಲ್ಲಿ, “ನಮ್ಮ ದಮಯಂತಿನಾ? ಅವ್ಳು ಈಗ ಕೋಡಿಂಬಾಳಲಿ ಉಟ್ಟು,” ಎಂದರು. ಕಡಬದ ಹತ್ತಿರದ ಕೋಡಿಂಬಾಳದಲ್ಲಿ ಇದ್ದಾಳೆ ಎಂದು. ಅಲ್ಲಿಗೇ ಮದುವೆ ಮಾಡಿ ಕೊಟ್ಟದ್ದು, ಹಾಲಿನ ಸೊಸೈಟಿಯಲ್ಲಿ ಹಾಲು ಅಳೆಯುವ ಕೆಲಸ. ಇಷ್ಟು ಸುಲಭ ಇತ್ತು. ಊಟ ಮುಗಿಯುವ ಮೊದಲೇ ಅಲ್ಲಿಗೆ ಹೋಗುವ ಬಸ್ಸಿನ ಹೊತ್ತು ಕೇಳಿಕೊಂಡೆ.

ಎರಡು ದಿನ ಬಿಟ್ಟು ಬೆಳಗಿನ ಬಸ್ಸಿಗೆ ಹೋದೆ. ಸೊಸೈಟಿಯ ಕಟ್ಟೆಯ ಮುಂದೆ ಕ್ಯಾನು ಹಿಡಿದವರ ಸಾಲು. ಒಳಗೆ ನಲವತ್ತು ವರ್ಷದ ಆಸುಪಾಸಿನ ಗಟ್ಟಿಮುಟ್ಟು ಹೆಂಗಸು, ಗಾಜಿನ ಹಾಲಳೆಯುವ ಕಡ್ಡಿಯನ್ನು ಹಾಲಿನಲ್ಲಿ ತೇಲಿಬಿಟ್ಟು, ಬಗ್ಗಿ ಗೆರೆ ನೋಡುತ್ತಿದ್ದಳು.

“ಅಣ್ಣಾ, ನಿಮ್ಮ ದನ ಇವತ್ತು ಹೊಳೇಲಿ ನಿಂತ್ಕೊಂಡು ಹಾಲು ಕೊಟ್ಟದ್ದಾ?”

ಸಾಲು ನಕ್ಕಿತು. ಕ್ಯಾನಿನವನು, “ಇಲ್ಲ ಮಾರಾಯ್ತಿ, ಮಳೆಗೆ ನೆನೆದು ಹುಲ್ಲು ಚಂಡಿ ಇತ್ತು,” ಎಂದ.

“ಹುಲ್ಲು ಚಂಡಿ ಆದ್ರೆ ಕಡ್ಡಿ ಮುಳುಗುದಿಲ್ಲ ಅಣ್ಣಾ. ನಾಳೆ ಹುಲ್ಲನ್ನು ಒರೆಸಿ ಹಾಕಿ.”

ಸಾಲು ಕರಗಿದ ಮೇಲೆ ನಾನು ಹೋಗಿ ಹೇಳಿದೆ. ಯಾರು, ಎಲ್ಲಿಂದ ಬಂದದ್ದು, ಯಾವ ಟೀಚರ್, ಯಾವ ಪ್ರಶ್ನೆ. ವಿಮಾನ ಎಂದ ಕೂಡಲೇ ಅವಳ ಕೈ ಕಡ್ಡಿ ತೊಳೆಯುವುದನ್ನು ನಿಲ್ಲಿಸಿತು. ನಾನು ಮುಗಿಸಿದೆ: “ನೀವು ಹೇಳಿದ್ದೇ ಸರಿ ಅಂತೆ. ತಪ್ಪಿದ್ದು ಅವರೇ ಅಂತೆ. ಅದನ್ನು ಹೇಳ್ಲಿಕ್ಕೆ ಬಂದೆ.”

“ಸರಿ ಅಂತ ನನಗೆ ಅವತ್ತೇ ಗೊತ್ತಿತ್ತು,” ಎಂದಳು ದಮಯಂತಿ.

ಅವಳು ಕಡ್ಡಿಯನ್ನು ಮತ್ತೆ ನೀರಿಗೆ ಹಿಡಿದಳು.

“ಕೈ ಇಳಿಸು ಅಂದ್ರು. ಇಳಿಸಿದೆ. ಮತ್ತೆ ಎತ್ಲಿಲ್ಲ ಅಕ್ಕ. ಹತ್ತನೇ ಕ್ಲಾಸಲ್ಲಿ ಗೊತ್ತಿದ್ದದ್ದಕ್ಕೂ ಎತ್ಲಿಲ್ಲ. ಪಿಯುಸಿಗೆ ಸಯನ್ಸು ತೆಕ್ಕೋ ಅಂತ ಅಪ್ಪ ಹೇಳಿದ್ರು, ನಾನೇ ಬೇಡ ಅಂದೆ. ಈಗಲೂ ಸೊಸೈಟಿಯ ಮೀಟಿಂಗಲ್ಲಿ ಒಪ್ಪಿಗೆ ಇದ್ದವರು ಕೈ ಎತ್ತಿ ಅಂದ್ರೆ ನನ್ನ ಕೈ ಮಡಿಲಲ್ಲೇ ಇರ್ತದೆ. ಎಲ್ಲರಿಗೂ ಇದು ತಮಾಷೆ.” ಕಡ್ಡಿಯನ್ನು ಒರೆಸಿ ಡಬ್ಬಿಯಲ್ಲಿಟ್ಟಳು. “ಪುತ್ತೂರಿಂದ ಇಲ್ಲಿಗೆ ಬಸ್ಸು ಎಷ್ಟು ಹೊತ್ತು?”

“ಒಂದು ಗಂಟೆ ಆಗ್ಬಹುದು.”

“ಒಂದು ಗಂಟೆಯ ದಾರಿಗೆ ಇಷ್ಟು ವರ್ಷ ಬೇಕಾಯ್ತಾ ಅವರಿಗೆ?”

ಮಳೆ, ಮೊಣಕಾಲು, ಸೆಕೆ ಎಂದು ಹೇಳಿದರೆ ನಗುತ್ತಿದ್ದಳು. “ಮೋರೆ ಇರ್ಲಿಲ್ಲ ಅವರಿಗೆ,” ಎಂದೆ. “ಒಮ್ಮೆ ಬಂದು ನೋಡಿ ಹೋಗ್ತೀರಾ? ಮಾತಿಲ್ಲ, ಆದ್ರೆ ಕೇಳ್ತದೆ.”

“ನನಗೆ ಎರಡು ಹೊತ್ತಿನ ಹಾಲು ಉಂಟು ಅಕ್ಕ. ಆಗ್ಲಿಕ್ಕಿಲ್ಲ,” ಎಂದಳು. ಒರಟಾಗಿ ಹೇಳಲಿಲ್ಲ. ನನಗೆ ಕುಡಿಯಲು ಒಂದು ಲೋಟ ಬಿಸಿ ಹಾಲು ಕೊಟ್ಟೇ ಕಳಿಸಿದಳು.

ಹಿಂದೆ ಬಂದು ಟೀಚರ ಹತ್ತಿರ ಕೂತೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಿಜ ಪೂರ್ತಿ ಹೇಳುವುದಕ್ಕೂ ಆಗಲಿಲ್ಲ. “ಸಿಕ್ಕಿದಳು ಟೀಚರ್. ಹೇಳಿದೆ. ಚೆನ್ನಾಗಿದ್ದಾಳೆ. ಗಾಜಿನ ಕಡ್ಡಿ ಮುಳುಗಿದ್ದು ನೋಡಿ ಹಾಲಿನ ಗುಣ ಹೇಳ್ತಾಳೆ, ಊರಿಗೆ ಊರೇ ಅವಳ ಮಾತಿಗೆ ಹೆದರ್ತದೆ.” ಅವರು ನನ್ನನ್ನೇ ನೋಡುತ್ತಿದ್ದರು. ಹೇಳದೆ ಬಿಟ್ಟದ್ದು ಎಷ್ಟು ಎಂದು ಅವರಿಗೆ ತಿಳಿಯದೆ ಇರುತ್ತದೆಯೇ? ಜೀವಮಾನವಿಡೀ ಅರ್ಧ ಉತ್ತರ ತಿದ್ದಿದವರು.

ಆ ತಿಂಗಳ ಕೊನೆಗೆ ಪಾರ್ಶ್ವವಾಯು ಇನ್ನೊಮ್ಮೆ ಬಡಿಯಿತು. ಆಮೇಲೆ ಕಣ್ಣು ಮುಚ್ಚಿ ತೆರೆದರೆ ಅದು ಹೌದೋ, ಬರೀ ರೆಪ್ಪೆಯೋ ಎಂದು ಹೇಳಲಾಗದ ಸ್ಥಿತಿ. ನನ್ನನ್ನು ನೋಡುತ್ತಿದ್ದಾರೆ ಎಂದು ಅಂದುಕೊಂಡರೆ ನನ್ನ ಹಿಂದಿನ ಗೋಡೆಯನ್ನು ನೋಡುತ್ತಿದ್ದರು. ವ್ಯಾಯಾಮಕ್ಕೆ ಎಡಗೈ ಎತ್ತಿಸಿದರೆ ಎತ್ತಿದಷ್ಟು ಹೊತ್ತು ಇರುತ್ತಿತ್ತು, ಬಿಟ್ಟರೆ ಬೀಳುತ್ತಿತ್ತು. ನಾನು ಪಕ್ಕದಲ್ಲಿ ಕೂತು ಸಹಸ್ರನಾಮ ಓದಿದೆ. ಅವರಿಗೆ ಅದರಲ್ಲಿ ನಂಬಿಕೆ ಇತ್ತೋ ಇಲ್ಲವೋ, ನನಗೆ ಬೇರೆ ಏನೂ ಬರುತ್ತಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಹನ್ನೊಂದು ಗಂಟೆಗೆ ಗೇಟಿನ ಸದ್ದಾಯಿತು. ದಮಯಂತಿ. ಬೆಳಗಿನ ಹಾಲು ಮುಗಿಸಿ ಬಂದಿದ್ದಳು. ಕೈಯಲ್ಲಿ ಒಂದು ಬಾಟಲಿ ಹಾಲು. “ಮೂರೂವರೆಯ ಬಸ್ಸಿಗೆ ಹೋಗ್ಬೇಕು ಅಕ್ಕ. ಐದಕ್ಕೆ ಸಂಜೆಯ ಹಾಲು. ಬೀಗದ ಕೈ ನನ್ನ ಹತ್ರವೇ ಉಂಟು,” ಎಂದಳು. ಕೂತರೆ ಮನಸ್ಸು ಬದಲಾದೀತು ಎಂಬ ಹಾಗೆ ಅಂಗಳದಲ್ಲೇ ಸ್ವಲ್ಪ ಹೊತ್ತು ನಿಂತಳು.

ತಂಗಿ ಟೀಚರ ಕಿವಿಯ ಹತ್ತಿರ ಬಗ್ಗಿ, “ಅಕ್ಕ, ದಮಯಂತಿ ಬಂದಿದ್ದಾಳೆ. ಆಲೆಟ್ಟಿಯ ದಮಯಂತಿ,” ಎಂದು ಮೂರು ಸಲ ಹೇಳಿದಳು. ಟೀಚರ್ ಗೋಡೆ ನೋಡುತ್ತಿದ್ದರು. ನಾವು ಬೆಲ್ಲ ನೀರು ಕೊಟ್ಟೆವು. ಅವಳು ಮಂಚದ ಪಕ್ಕ ಸ್ಟೂಲಿನಲ್ಲಿ ಕೂತು ಆ ಮುಖವನ್ನು ನೋಡಿದಳು. ಇಷ್ಟು ವರ್ಷ ಅವಳ ತಲೆಯಲ್ಲಿ ನಿಂತಿದ್ದ ಟೀಚರ್ ಬೇರೆ ಇದ್ದಿರಬೇಕು, ಎತ್ತರದವರು, ದೊಡ್ಡ ಸ್ವರದವರು.

“ಏನು ಹೇಳುದು ಇವರಿಗೆ?” ಎಂದು ನನ್ನನ್ನೇ ಕೇಳಿದಳು.

ನಾನು ಎದ್ದು ಊಟಕ್ಕೆ ಎಲೆ ಹಾಕಿದೆ. ಮಧ್ಯಾಹ್ನದ ಊಟ ಆಯಿತು. ಮಾತು ಹಾಲಿನ ದರದ ಕಡೆ, ಕೋಡಿಂಬಾಳದ ರಸ್ತೆಯ ಕಡೆ ಹೋಗಿ ಬಂತು. ಮೂರು ಗಂಟೆಗೆ ಅವಳು ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು, ಮಂಚದ ಹತ್ತಿರ ಹೋಗಿ, “ಬರ್ತೇನೆ ಟೀಚರ್,” ಎಂದಳು.

ಟೀಚರ ಎಡಗೈ ಹೊದಿಕೆಯ ಮೇಲೆ ಅಲುಗಾಡಿತು. ಬೆರಳು ಮೊದಲು, ಆಮೇಲೆ ಮಣಿಕಟ್ಟು. ನಿಧಾನಕ್ಕೆ, ಮೊಣಕೈ ಹಾಸಿಗೆಗೆ ಊರಿ, ಕೈ ಮೇಲೆ ಬಂತು.

“ನೀರು ಬೇಕಾ ಅಕ್ಕ?” ಎಂದಳು ತಂಗಿ. ಚಮಚ ತಂದಳು, ಬಾಯಿ ತೆರೆಯಲಿಲ್ಲ. ದಿಂಬು ಸರಿ ಮಾಡಿದೆವು. ಫ್ಯಾನು ಹಾಕಿದೆವು. ಕೈ ಮೇಲೆಯೇ ಇತ್ತು. “ವ್ಯಾಯಾಮ ಮಾಡಿಸಿ ಮಾಡಿಸಿ ಅದೇ ಅಭ್ಯಾಸ ಆಗಿರ್ಬೇಕು,” ಎಂದಳು ತಂಗಿ ಮೆಲ್ಲಗೆ. ಇರಬಹುದು. ಹಾಗಲ್ಲ ಎಂದು ನಾನು ಇವತ್ತಿಗೂ ಆಣೆ ಮಾಡಿ ಹೇಳಲಾರೆ.

ದಮಯಂತಿ ಮಾತ್ರ ನೀರು, ದಿಂಬು ಏನನ್ನೂ ಕೇಳಲಿಲ್ಲ. ಚೀಲ ಕೆಳಗಿಟ್ಟು ಮತ್ತೆ ಸ್ಟೂಲಿನಲ್ಲಿ ಕೂತಳು.

“ಹೇಳಿ ಟೀಚರ್,” ಎಂದಳು.

ಟೀಚರ ತುಟಿ ಅಲುಗಿತು. ಸ್ವರ ಬರಲಿಲ್ಲ. ಕೈ ಕೆಳಗೆ ಜಾರತೊಡಗಿತು. ಅವಳು ಬಗ್ಗಿ, ತನ್ನ ಅಂಗೈಯನ್ನು ಅವರ ಮೊಣಕೈಯ ಹಿಂದೆ ಕೊಟ್ಟು, ಕೈ ಬೀಳದ ಹಾಗೆ ಹಿಡಿದಳು.

“ಇಳಿಸುದು ಬೇಡ. ಹೇಳಿ. ಅವಸರ ಇಲ್ಲ.”

ನಾವು ಮೂವರೂ ಕಾದೆವು. ಟೀಚರ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯ ನೋಡಿತು. ಒಂದು ಅಕ್ಷರವೂ ಬರಲಿಲ್ಲ. ಅದು ತಪ್ಪಾಯಿತು ಎಂದೋ, ಇನ್ನೊಂದು ಪ್ರಶ್ನೆಯೋ, ಏನೂ ಅಲ್ಲವೋ, ನಮಗೆ ಯಾರಿಗೂ ತಿಳಿಯಲಿಲ್ಲ, ಇನ್ನು ತಿಳಿಯುವುದೂ ಇಲ್ಲ. ಕೆಳಗೆ ಚಡಾವಿನ ಬುಡದಲ್ಲಿ ಮೂರೂವರೆಯ ಕಡಬದ ಬಸ್ಸು ಹಾರ್ನು ಹಾಕಿತು. ತಂಗಿ ಗಡಿಯಾರ ನೋಡಿದಳು, ನಾನು ದಮಯಂತಿಯ ಮುಖ ನೋಡಿದೆ. ಅವಳು ತಲೆ ಎತ್ತಲಿಲ್ಲ. ಬಸ್ಸು ನಿಂತ ಸದ್ದು, ಹೊರಟ ಸದ್ದು ಎರಡೂ ಕೇಳಿದವು. ಅವಳ ಅಂಗೈ ಇದ್ದಲ್ಲೇ ಇತ್ತು.

ಆ ಸಂಜೆ ದೀಪ ಹಚ್ಚಿ ಕೈ ಮುಗಿದು ನಿಂತಾಗ ಆ ದಿನ ಆದ ಒಳ್ಳೆಯದೆಂದು ಹೇಳಲು ನನ್ನ ಬಳಿ ಒಂದೇ ಇತ್ತು. ಬಸ್ಸು ತಪ್ಪಿತು, ದೇವರೇ, ಎಂದೆ.